ದೊಡ್ಡದಾದವರು ಇಳಿಯುವ ನಿಯಮ

ರಾಚಪ್ಪನವರು ಮಾತನಾಡುವಾಗ ನಮ್ಮ ಕಣ್ಣು ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದರು. ನಂಜನಗೂಡಿನ ಅರ್ಧ ಜನಕ್ಕೆ ಪಾಸ್‌ಪೋರ್ಟ್ ಫೋಟೋ ತೆಗೆದ ಮನುಷ್ಯ. ಎರಡು ಕಿವಿಯೂ ಕಾಣದಿದ್ದರೆ ಫೋಟೋ ವಾಪಸು ಬರುತ್ತದೆಂಬ ಭಯ ಅವರ ರಕ್ತಕ್ಕೇ ಇಳಿದಿತ್ತು. ತರಕಾರಿ ಅಂಗಡಿಯಲ್ಲಿ ಸಿಕ್ಕರೂ, "ಕೂದ್ಲು ವಸಿ ಇಂದಕ್ಕೆ ಮಾಡ್ಕಳಿ, ಕಿವಿ ಕಾಣ್ಲಿ" ಅನ್ನುವರು. ನನಗೆ ಮೊದಮೊದಲು ರೇಗುತ್ತಿತ್ತು.

ಅವರ ಸ್ಟುಡಿಯೋಗೆ ನಾನು ಹೋದದ್ದು ಅಪ್ಪ ತೀರಿಕೊಂಡ ವರ್ಷ. ಅಪ್ಪ ಕ್ಯಾಮೆರಾ ಕಂಡರೆ ತಪ್ಪಿಸಿಕೊಳ್ಳುವ ಆಸಾಮಿ. ಉಳಿದದ್ದು ಒಂದೇ ಚಿತ್ರ, ಸೋಮನಾಥಪುರದ ಗುಡಿಯ ಮುಂದೆ ಆಫೀಸಿನವರ ಜೊತೆ ನಿಂತದ್ದು. ಹಿಂದಿನ ಸಾಲಿನಲ್ಲಿ ಅವರ ಮುಖ ಅವರೆಕಾಳಿನಷ್ಟು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎಂದೆ. ದಿನದಿಂದ ದಿನಕ್ಕೆ ಆ ಮುಖ ನನ್ನ ನೆನಪಿನಿಂದ ಜಾರುತ್ತಿತ್ತು. ಪೂರ್ತಿ ಹೋಗಿಬಿಟ್ಟರೆ ಎಂದು ಹೆದರಿದ್ದೆ. ರಾಚಪ್ಪನವರು ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತ ಹೋದರು. ಅಪ್ಪ ಮಂಜಾದರು, ಆಮೇಲೆ ಬರೀ ಚೌಕಗಳಾದರು.

"ಮಂಜು ತೆಗ್ದು ಚೂಪು ಮಾಡ್ಬೌದು ಕಣವ್ವ. ಆದ್ರೆ ಆಗ ಬರೋ ಮೂಗು ಕಂಪ್ಯೂಟ್ರುದ್ದು, ನಿಮ್ಮಪ್ಪಾರ್ದಲ್ಲ."

ಅಲ್ಲೇ ಕೂತು ಅತ್ತುಬಿಟ್ಟೆ. ಅವರು ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. "ಭಾನ್ವಾರ ಮದ್ಯಾನ ಬನ್ನಿ. ಒಂದಾಟ ಅದೆ," ಎಂದರು.

ಆಟವೆಂದರೆ, ಮೈಸೂರಿನಲ್ಲಿ ಓದಿ ಹೋದ ಅವರ ಅಕ್ಕನ ಮಗ ಬಿಟ್ಟುಹೋದ ಒಂದು ಡಬ್ಬಿ, ಒಳಗೆ ದಾಳಗಳು, ನಿಯಮದ ಪುಸ್ತಕ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಹೇಳಿ ಹಲವು ಮುಖದ ದಾಳ ಉರುಳಿಸುತ್ತಾರೆ. ಮಂತ್ರ, ಮಾಟ, ರಾಕ್ಷಸರು ಎಲ್ಲ ಉಂಟು. ಕಥೆ ರಾಚಪ್ಪನವರದು. ಆಡುವವರು ಆಟೋ ಓಡಿಸುವ ನಂಜುಂಡ, ನರ್ಸ್ ಶಾಂತಲಾ, ಹೊಸದಾಗಿ ಸೇರಿದ ನಾನು. ಫೋಟೋ ತೆಗೆಸಿಕೊಂಡು ಮತ್ತೆ ಇತ್ತ ಸುಳಿಯದವರ ಮುಖಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದ್ದರು. ಅವರೇ ನಮ್ಮ ರಾಕ್ಷಸರು. ಎರಡು ಕಿವಿಯೂ ನೆಟ್ಟಗೆ ಕಾಣುವ ರಾಕ್ಷಸರನ್ನು ನಾನು ಬೇರೆಲ್ಲೂ ನೋಡಿಲ್ಲ. ಹಂಸಗಳ ಕೊಳ ಬರೆದ ಹಳೆಯ ಪರದೆಯ ಮುಂದೆ ಚಾಪೆ ಹಾಸಿ ಕೂರುತ್ತಿದ್ದೆವು. ಅರ್ಧ ಇಳಿಸಿದ ಷಟರಿನಡಿಯಿಂದ ಬಿಸಿಲು ಒಳಗೆ ಬರುತ್ತಿತ್ತು. ಫ್ಯಾನಿನ ಗಾಳಿಗೆ ಪರದೆ ಅಲುಗಿದರೆ ಕೊಳದ ನೀರೂ ಅಲುಗುತ್ತಿತ್ತು. ಆ ಹೊತ್ತಿನಲ್ಲಿ ನಂಜನಗೂಡು ಎಲ್ಲಿತ್ತೋ ನನಗೆ ತಿಳಿಯದು.

ಮೈ ಹಿಗ್ಗಿಸುವ, ಕುಗ್ಗಿಸುವ ಮಂತ್ರ ಬಂದಾಗ ಮಾತ್ರ ಅವರು ಡಬ್ಬಿಯ ಪುಸ್ತಕ ಮುಚ್ಚಿಡುತ್ತಿದ್ದರು. "ಇದ್ರಲ್ಲಿ ಉದ್ದಗಲ ಬರ್ದವ್ರೆ, ಕಷ್ಟ ಬರ್ದಿಲ್ಲ." ಅದಕ್ಕೆ ಅವರದೇ ಕಾನೂನು. ಕುಗ್ಗಿದರೆ ಮೈ ಕುಗ್ಗುತ್ತದೆ, ಹಸಿವು ಕುಗ್ಗುವುದಿಲ್ಲ. ಇಲಿಯಷ್ಟಾದ ನಂಜುಂಡ ರಸಬಾಳೆ ಗೊನೆಯೊಂದನ್ನು ತಿಂದು ಮುಗಿಸಲು ಒಂದು ಭಾನುವಾರ ಪೂರ್ತಿ ತೆಗೆದುಕೊಂಡ. ಹಿಗ್ಗಿದರೆ ಮುಖ ಮಸುಕಾಗುತ್ತದೆ, ಯಾರಿಗೂ ಗುರುತು ಸಿಗುವುದಿಲ್ಲ. ತಿರುಗಿ ಮೊದಲಿನ ಅಳತೆಗೆ ಇಳಿಯಬೇಕಾದರೆ ಜೊತೆಯಲ್ಲಿ ಆಡುವವರು ನಮ್ಮ ಬಗ್ಗೆ, ಪಾತ್ರದ ಬಗ್ಗೆ ಅಲ್ಲ ನಮ್ಮ ಬಗ್ಗೆ, ತಾವು ಕಣ್ಣಾರೆ ಕಂಡ ಒಂದು ಸಣ್ಣ ಗುರುತು ಹೇಳಬೇಕು.

ನನ್ನ ಪಾತ್ರ ಅಂಬಿಗಿತ್ತಿ. ತಿರುಮಕೂಡಲಿನ ಸಂಗಮದಲ್ಲಿ ಹೊಳೆ ಉಕ್ಕಿ ದೋಣಿ ಮಗುಚಿದಾಗ ಮಂತ್ರ ಹೇಳಿ ಬೆಳೆದೆ. ಇಬ್ಬರನ್ನೂ ಹೆಗಲ ಮೇಲೆ ಕೂರಿಸಿಕೊಂಡು ಕಪಿಲೆಯನ್ನೂ ಕಾವೇರಿಯನ್ನೂ ದಾಟಿದೆ. ಬಹಳ ಸುಖವಾಗಿತ್ತು. ಇಳಿಯುವ ಹೊತ್ತು ಬಂತು.

"ಮೇಡಂ ಬೋ ಒಳ್ಳೇವ್ರು ಸಾ," ಎಂದ ನಂಜುಂಡ.

"ಅದು ದೊಡ್ ಮಾತು ಕಣ್ಲಾ. ಸಣ್ಣದೇಳು," ಎಂದರು ರಾಚಪ್ಪನವರು.

ಅವನಿಗೆ ಗೊತ್ತಿದ್ದರೆ ತಾನೆ? ನಾನು ಬಂದು, ಟೀ ಕುಡಿದು, ದಾಳ ಉರುಳಿಸಿ, ಮನೆಯ ಸುದ್ದಿ ಒಂದೂ ಆಡದೆ ಎದ್ದು ಹೋಗುತ್ತಿದ್ದವಳು. ಆಟದಲ್ಲಿ ಇಡೀ ಆಷಾಢ ಆ ದೊಡ್ಡ ಮೈಯಲ್ಲೇ ಉಳಿದೆ. ಮುಡುಕುತೊರೆ ಬೆಟ್ಟಕ್ಕೆ ತಲೆಯಾನಿಸಿ, ಕಾವೇರಿಯಲ್ಲಿ ಕಾಲು ಇಳಿಬಿಟ್ಟು ಮಲಗುತ್ತಿದ್ದೆ. ಮೋಡ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಯಾರ ಮನೆಯ ಬಾಗಿಲೂ ನನಗೆ ಸಾಲದು. ಆಟವೆಂದು ಗೊತ್ತಿದ್ದರೂ ನನ್ನ ಮನೆಗೆ ಹೋದಾಗ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಕಾಲಿಡುತ್ತಿದ್ದೆ.

ಒಂದು ಭಾನುವಾರ ಶಾಂತಲಾ ಇದ್ದಕ್ಕಿದ್ದಂತೆ ಹೇಳಿದಳು: "ಇವ್ರು ಟೀ ಕುಡಿಯೋಕ್ ಮುಂಚೆ ಲೋಟದ ತಳವ ಸೆರಗಲ್ಲಿ ಒರೆಸ್ತಾರೆ. ಒದ್ದೆ ಇಲ್ದಿದ್ರೂವೆ."

ನನಗೆ ಗೊತ್ತೇ ಇರಲಿಲ್ಲ. ಅದು ಅಪ್ಪನ ಚಾಳಿ. ಅವರು ಹೆಗಲ ಟವೆಲ್ಲಿನ ತುದಿಯಿಂದ ಒರೆಸುತ್ತಿದ್ದರು. ಆ ಕೈಯ ಹಿಂದೆಯೇ ಮುಖವೂ ಬಂತು, ಒರೆಸುವಾಗ ತುಟಿ ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದ ಅಪ್ಪ, ಕೊಳದ ಪರದೆಯ ಮುಂದೆ ಕೂತಷ್ಟು ಸ್ಪಷ್ಟವಾಗಿ.

"ಇಳೀರಿ ಮೇಡಂ," ಎಂದರು ರಾಚಪ್ಪನವರು, ನನ್ನ ಕಿವಿ ನೋಡುತ್ತ.

ಫೋಟೋ ದೊಡ್ಡದು ಮಾಡಿಸಲಿಲ್ಲ. ಅಪ್ಪ ಅವರೆಕಾಳಿನಷ್ಟೇ ಇದ್ದಾರೆ, ನನಗೆ ಅಷ್ಟು ಸಾಕು.

ಹೋದ ವರ್ಷ ಒಂದು ಬೆಳಗ್ಗೆ ಎದೆನೋವೆಂದು ಕೂತ ರಾಚಪ್ಪನವರು ಏಳಲಿಲ್ಲ. ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ಊರಿಗೆಲ್ಲ ಫೋಟೋ ತೆಗೆದವರದೇ ಒಂದು ನೆಟ್ಟನೆಯ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ, ಬಸ್ಸಿನಷ್ಟು ಹಿಗ್ಗಿಸಿದ್ದರು. ಮೂಗು ಬಾಯಿ ಒಂದರೊಳಗೊಂದು ಕರಗಿದ್ದವು. ಕಿವಿಗಳಂತೂ ಇರಲೇ ಇಲ್ಲ. ನಾವು ಮೂವರು ಅದರಡಿ ನಿಂತೆವು. ನನಗೆ ಬಿಕ್ಕಿ ಬಿಕ್ಕಿ ಅಳು ಬರುತ್ತಿತ್ತು.

"ಸಾ ಇಷ್ಟ್ ದೊಡ್ದಾಗ್ಬುಟ್ರಲ್ಲ," ಎಂದ ನಂಜುಂಡ. ಆಮೇಲೆ ಅವನೇ ಶುರು ಮಾಡಿದ: "ದಾಳ ಉರುಳ್ಸೋಕ್ ಮುಂಚೆ ಅಂಗೈಯ ಮೂಸ್ಕತಿದ್ರು."

"ಬಾಳೆಣ್ಣು ತಿಂದ್ಬುಟ್ಟು, ಅಣ್ಣು ಒಳಗೇ ಅದೆ ಅನ್ನೋ ಅಂಗೆ ಸಿಪ್ಪೆ ಮಡಿಸಿ ಇಡ್ತಿದ್ರು," ಎಂದಳು ಶಾಂತಲಾ.

ನನ್ನ ಸರದಿ. ಫ್ಲೆಕ್ಸಿನ ಕಡೆ ಮುಖ ಮಾಡಿ, ಕೂದಲು ಹಿಂದಕ್ಕೆ ಸರಿಸಿ, ಎರಡೂ ಕಿವಿ ಕಾಣುವ ಹಾಗೆ ನಿಂತೆ.

"ಇಳೀರಿ ಸಾ," ಎಂದ ನಂಜುಂಡ.