ತಾನೇ ಪಾಸು ಮಾಡಿದ ಕಂಬ

ಬೆಳಗಿನ ಐದೂವರೆ. ಸೇತುವೆಯ ಕೆಳಗೆ, ಕಂಬಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ಐವತ್ತೆಂಟರ ಒಬ್ಬರು ಪುಟ್ಟ ಸುತ್ತಿಗೆ ಹಿಡಿದು ಕುಟ್ಟುತ್ತಿದ್ದಾರೆ. ಗೇಣಿಗೊಂದು ಪೆಟ್ಟು. ವಿಚಿತ್ರವೆಂದರೆ, ಕುಟ್ಟುವುದು ಇವರು, ಕಿವಿಗೊಟ್ಟು ಕೇಳುವುದು ಪಕ್ಕದಲ್ಲಿ ನಿಂತ ಜೊತೆಗಾರ. ಆದರೂ ಎಲ್ಲರ ಬಾಯಲ್ಲಿ ಕಿವಿಯಣ್ಣ ಇವರೇ.

ಎರಡು ವರ್ಷದ ಹಿಂದಿನ ಭೂಕಂಪಕ್ಕೆ ಈ ಸೇತುವೆ ಬೀಳಲಿಲ್ಲ, ಆದರೆ ಕಂಬಗಳು ಬಿರುಕು ಬಿಟ್ಟವು. ಈಗ ಒಂದೊಂದಕ್ಕೂ ಉಕ್ಕಿನ ಕವಚ ತೊಡಿಸಿ, ನಡುವಿನ ಸಂದಿಗೆ ನೀರಾಗಿ ಕಲಸಿದ ಸಿಮೆಂಟು ತುಂಬುತ್ತಾರೆ. ಎಲ್ಲಾದರೂ ಟೊಳ್ಳು ಉಳಿದರೆ ಮುಂದಿನ ಸಲ ನೆಲ ನಡುಗಿದಾಗ ಆ ಕವಚ ಇದ್ದೂ ಇಲ್ಲದಂತೆ. ಟೊಳ್ಳು ಹುಡುಕುವುದು ಇವರ ಕೆಲಸ. ತುಂಬಿದ ಕಡೆ ಸದ್ದು ಮಂದ, ಟೊಳ್ಳಿದ್ದಲ್ಲಿ ಖಣಖಣ. ಕಂಬಕ್ಕೆ ಒಂಬೈನೂರು ಪೆಟ್ಟು. ಮುಗಿಯುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ. ಇದಕ್ಕೆ ಮೊದಲು ಹದಿನೆಂಟು ವರ್ಷ ಕಾಂಕ್ರೀಟು ಒಡೆಯುವ ಯಂತ್ರ ಹಿಡಿದಿದ್ದರು. ಆ ಗದ್ದಲವೇ ಕಿವಿಯನ್ನು ತಿಂದುಹಾಕಿತು.

ಗೊತ್ತಾದದ್ದು ಕಳೆದ ತಿಂಗಳು, ಸ್ನಾನದ ಮನೆಯಲ್ಲಿ. ಹೆಂಡತಿ ಹೊರಗಿನಿಂದ ಬಾಗಿಲು ಬಡಿದೂ ಬಡಿದೂ ಸುಸ್ತಾಗಿದ್ದರು. "ದಿನವೆಲ್ಲಾ ಕುಟ್ಟಿ ಕೇಳೋರಿಗೆ ನಾನು ಕುಟ್ಟಿದ್ದು ಕೇಳಿಸ್ಲಿಲ್ವಾ?" ಎಂದು ನಕ್ಕರಂತೆ. ಇವರಿಗೆ ನಗು ಬರಲಿಲ್ಲ. ಕಿವಿ ಮಂದವಾದವರಿಗೆ ಎಲ್ಲ ಸದ್ದೂ ಮಂದ. ಅಂದರೆ ಎಲ್ಲ ಕಂಬವೂ ಗಟ್ಟಿ.

ಮರುದಿನವೇ ಮೇಸ್ತ್ರಿಯ ಮುಂದೆ ಒಪ್ಪಿಕೊಂಡರು. ತಾವು ಪಾಸು ಮಾಡಿದ ಕಂಬಗಳನ್ನೆಲ್ಲ ಮತ್ತೆ ಕುಟ್ಟುತ್ತಾ ಹೋದರು, ಜೊತೆಗಾರ ಕೇಳುತ್ತಾ ಹೋದ. ಹದಿನೇಳನೆಯ ಕಂಬದ ಎದೆಯೆತ್ತರದಲ್ಲಿ ಅವನಿಗೆ ಖಣ್ ಎಂದಿತು. ಇವರಿಗೆ ಇಲ್ಲ. ಬಣ್ಣ ಬಳಿದು ಮುಗಿದಿದ್ದ ಕವಚವನ್ನು ಕೊರೆದು ಮತ್ತೆ ತುಂಬಬೇಕಾಯಿತು. ಕೆಲಸ ಇಮ್ಮಡಿಯಾಯಿತೆಂದು ಉಳಿದವರು ವಾರವಿಡೀ ಮುಖ ಕೊಟ್ಟು ಮಾತಾಡಲಿಲ್ಲ.

ಸೇತುವೆ ಕೆಲಸ ಮುಗಿಯಲು ಇನ್ನು ಎರಡೇ ತಿಂಗಳು, ಹೇಗೋ ನಿಭಾಯಿಸಿ ಎಂದು ಮೇಸ್ತ್ರಿ ಹೇಳಿದರೂ ಇವರು ಒಪ್ಪಿಲ್ಲ. ಸೋಮವಾರದಿಂದ ಸುತ್ತಿಗೆ ಜೊತೆಗಾರನ ಕೈಗೆ. ಇವರು ಸಿಮೆಂಟು ಕಲಸಲು ಹೋಗುತ್ತಾರೆ. ಇವರಿಗಿರುವ ಮಂಡಿನೋವಿನಲ್ಲಿ ಮೂಟೆ ಹೊರುವುದನ್ನು ನೆನೆದರೆ ನನಗೇ ಸಂಕಟವಾಗುತ್ತದೆ.

ನಿಮ್ಮ ಬಗ್ಗೆ ಪತ್ರಿಕೆಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಕೇಳಿಸುವುದಿಲ್ಲ. ಹತ್ತಿರ ಹೋಗಿ ಗಟ್ಟಿಯಾಗಿ ಕೇಳುತ್ತೇನೆ.

"ಮೂವತ್ತೊಂದು ಕಂಬ ಪಾಸು ಮಾಡಿದೀನಿ ಸರ್. ಒಂದು ತಪ್ಪಿತ್ತು. ಮತ್ತೆ ಕುಟ್ಟಿ ಅದನ್ನ ಹಿಡಿಸಿದೋನೂ ನಾನೇ. ಅಷ್ಟು ಬರೀರಿ, ಸಾಕು."