ಕಚೇರಿ ಮನೆ ಬದಲಿಸಿದಾಗ

ಮನೆ ಬದಲಿಸುವಾಗ ಎಲ್ಲಕ್ಕಿಂತ ಕೊನೆಗೆ ಗಾಡಿ ಹತ್ತಬೇಕಾದದ್ದು ಮೊಸರಿನ ಹೆಪ್ಪಿನ ಪಾತ್ರೆ ಎಂಬುದು ನನ್ನ ಹೆಂಡತಿ ಸರೋಜಳ ಸಿದ್ಧಾಂತ. ಅದು ಕುಲುಕಬಾರದು, ಬಿಸಿಲಿಗೆ ಹುಳಿಯಾಗಬಾರದು, ಹೊಸ ಹೊಸ್ತಿಲು ದಾಟುವಾಗ ಮನೆಯವಳ ಕೈಯಲ್ಲೇ ಇರಬೇಕು. ಮುಂಬಯಿಗೆ ಬಂದ ಮೇಲೆ ನಾವು ಧಾರಾವಿಯ ಅಂಚಿನ ಖೋಲಿಯಿಂದ ಚಾಳಿಗೆ, ಆ ಚಾಳಿನಿಂದ ಇನ್ನೊಂದಕ್ಕೆ, ಅಲ್ಲಿಂದ ವಡಾಲದ ಈಗಿನ ಬಿಲ್ಡಿಂಗಿಗೆ ಬಂದದ್ದೆಲ್ಲ ಕೈಗಾಡಿಯಲ್ಲಿಯೇ. ಸಾಮಾನಿಗಿಂತ ನಿಮ್ಮ ಚೌಕಾಸಿಯೇ ಭಾರವೆಂದು ಗಾಡಿಯವರು ಗೊಣಗಿದ್ದುಂಟು, ಆದರೆ ಹೆಪ್ಪು ಮಾತ್ರ ಒಮ್ಮೆಯೂ ಕೆಡಲಿಲ್ಲ. ಗೆಳೆಯರೇ, ನೀವೂ ಎಂದಾದರೂ ಮನೆ ಬದಲಿಸುವವರೇ ಆಗಿದ್ದರೆ ನನ್ನದೊಂದು ಸಲಹೆ ಕೇಳಿ. ಹೊಸ ಮನೆ ನೋಡಲು ಹೋದಾಗ ಗೋಡೆಯ ಬಣ್ಣವನ್ನು ಹೊಗಳಬೇಡಿ, ನಲ್ಲಿ ತಿರುಗಿಸಿ ನೋಡಿ; ಕಿಟಕಿಯ ನೋಟಕ್ಕೆ ಮರುಳಾಗಬೇಡಿ, ನೆಲಕ್ಕೆ ಹಿಮ್ಮಡಿಯಿಂದ ಒಮ್ಮೆ ಗಟ್ಟಿಯಾಗಿ ಕುಟ್ಟಿ ನೋಡಿ. ಈ ಸಲಹೆಗೆ ನಾನು ಶುಲ್ಕ ಪಡೆಯುವುದಿಲ್ಲ, ಅದಕ್ಕೇ ಯಾರೂ ಪಾಲಿಸುವುದೂ ಇಲ್ಲ. ಶುಲ್ಕ ಪಡೆದು ಇದಕ್ಕಿಂತ ಕಡಿಮೆ ಹೇಳುವವರನ್ನು ಕನ್ಸಲ್ಟೆಂಟ್ ಎನ್ನುತ್ತಾರೆ.

ಇಷ್ಟೆಲ್ಲ ಪೀಠಿಕೆಗೆ ಕಾರಣ, ವಡಾಲದ ನನ್ನ ಹೋಟೆಲಿನ ಎದುರಿಗಿದ್ದ ಸರಕಾರಿ ಕಚೇರಿಯೊಂದು ಮನೆ ಬದಲಿಸಿದ್ದು. ನೀರು, ನಲ್ಲಿ, ಪರವಾನಗಿ, ಹುಟ್ಟು, ಸಾವು ಎಲ್ಲದರ ಮೇಲೂ ಠಸ್ಸೆ ಒತ್ತುವ ಕಚೇರಿ. ಹೆಸರು ಕೇಳಬೇಡಿ, ನನ್ನ ಹೋಟೆಲಿಗೂ ಅಲ್ಲಿಯದೇ ಠಸ್ಸೆ ಬೇಕು. ಹಳೆಯದು ಕಲ್ಲಿನ ಕಟ್ಟಡ. ಗೋಡೆಯ ಬಿರುಕಿನಲ್ಲಿ ಅರಳಿಗಿಡ, ಮಾಡಿನ ಸಂದಿಯಲ್ಲಿ ಪಾರಿವಾಳ, ಹೆಬ್ಬಾಗಿಲ ತುಂಬ ಜನ. ಮಹಾನಗರದ ಘನತೆಗೆ ಇದು ಶೋಭಿಸುವುದಿಲ್ಲವೆಂದು ಬಾಂದ್ರಾದ ಕಡೆಯಲ್ಲಿ ಗಾಜಿನ ಕಟ್ಟಡವೊಂದು ಎದ್ದು ನಿಂತಿತು. ಅದರ ಖರ್ಚಿನ ಅಂದಾಜು ಪತ್ರಿಕೆಯಲ್ಲಿ ಬಂದಿತ್ತು. ಸೊನ್ನೆಗಳ ಸಾಲು ಪಕ್ಕದ ಜಾಹೀರಾತಿನ ಅಂಗಳಕ್ಕೆ ಕಾಲಿಡುವಷ್ಟು ಉದ್ದವಿತ್ತು. ಅಂದಾಜು ಎಂಬುದು ಸರಕಾರದ ಮಟ್ಟಿಗೆ ಹಸುಗೂಸು, ಬೆಳೆಯುವುದೇ ಅದರ ಧರ್ಮ. ಗಾಜಿನ ಗೋಡೆ ಬಿಸಿಲನ್ನು ಒಳಗೆ ಬಿಡುತ್ತದೆಂದು ಪರದೆ ಹಾಕಿದರು. ಪರದೆಯಿಂದ ಕತ್ತಲಾಯಿತೆಂದು ಹಗಲಿಗೂ ದೀಪ ಹಾಕಿದರು. ದೀಪದ ಕಾವಿಗೆ ಎಸಿ ಹಾಕಿದರು. ಎಸಿಯ ಚಳಿಗೆ ಸಾಹೇಬರ ಕುರ್ಚಿಯ ಬೆನ್ನಿಗೊಂದು ಶಾಲು ಹಾಕಿದರು. ಯಾವ ಮೇಜು ಯಾವ ಮಹಡಿಗೆ ಎಂದು ತಿಳಿಸಲು ಒಬ್ಬ ಕನ್ಸಲ್ಟೆಂಟ್, ಅವನು ತಿಳಿಸಿದ್ದು ಸರಿಯೇ ಎಂದು ತಿಳಿಯಲು ಇನ್ನೊಬ್ಬ. ತಲೆಮಾರುಗಳ ಮೊಣಕೈ ಉಜ್ಜಿ ಹೊಳಪೇರಿದ್ದ ಸಾಗುವಾನಿ ಮೇಜುಗಳು ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಮರದ ಪುಡಿಯನ್ನು ಒತ್ತಿ ಮಾಡಿದ, ಮರದ ಬೆಲೆಯ ಮೇಜುಗಳು ಬಂದವು. ನನ್ನನ್ನು ಕೇಳಿದ್ದರೆ ಇಡೀ ಕಚೇರಿಯನ್ನು ಕೈಗಾಡಿಯ ದರದಲ್ಲಿ ಸಾಗಿಸಿ ಕೊಡುತ್ತಿದ್ದೆ. ಕೇಳಲಿಲ್ಲ.

ನಗಬೇಡಿ, ನನಗೆ ಆಗ ನಗು ಬಂದಿರಲಿಲ್ಲ. ಕಚೇರಿ ಹೋದರೆ ನನ್ನ ಹೋಟೆಲೂ ಹೋದಂತೆಯೇ. ಕಂಡವರ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಶುರುಮಾಡಿ, ನನ್ನದೇ ಹೋಟೆಲಿನ ಗಲ್ಲೆಯ ಹಿಂದೆ ಬಂದು ಕೂರುವಷ್ಟರಲ್ಲಿ ತಲೆಕೂದಲು ಅರ್ಧ ಉದುರಿತ್ತು. ಇನ್ನೊಮ್ಮೆ ಮೊದಲಿನಿಂದ ಶುರುಮಾಡಲು ಉಳಿದ ಅರ್ಧ ಸಾಲದು. ಈ ಹೊತ್ತಿಗೆ ಕೈಹಿಡಿಯಲು ಬಂದವರು ಆ ಕಚೇರಿಯ ದಾಖಲೆ ವಿಭಾಗದ ಹೆಡ್ ಕ್ಲಾರ್ಕ್ ಕದಂ. ನನ್ನ ಹಳೆಯ ಗಿರಾಕಿ. ಎಂದರೆ, ಮನೆಯಿಂದ ತಂದ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ನನ್ನ ಫ್ಯಾನಿನ ಕೆಳಗೆ ಕೂತು, ನನ್ನ ಚಟ್ನಿಯನ್ನು ಪುಕ್ಕಟೆ ನಂಚಿಕೊಳ್ಳುವ ಗಿರಾಕಿ.

"ಅರೇ ಅಣ್ಣಾ, ಟೆನ್ಶನ್ ಕಾಯ್ಕೋ ಲೇತಾ ಹೈ? ಊಪರ್ ನೌವೇ ಮಾಲೇ ಪೆ ಕ್ಯಾಂಟೀನ್ ಹೈ. ಏಸಿ ಹೈ, ಸೀ ವ್ಯೂ ಹೈ. ತೂ ಲೇ ಲೇ!"

ಹೊಸ ಕಟ್ಟಡದ ಒಂಬತ್ತನೆಯ ಮಹಡಿಯ ಕ್ಯಾಂಟೀನನ್ನು ನನಗೆ ಕೊಡಿಸುವುದು ತನ್ನ ಹೊಣೆ ಎಂದರು ಕದಂ. ಆದರೆ ಅದಕ್ಕೆ ಇಡುಗಂಟು ಕಟ್ಟಬೇಕು. ಕಟ್ಟಬೇಕಾದರೆ ಈಗಿನ ಹೋಟೆಲಿನ ಜಾಗ ಬಿಟ್ಟುಕೊಟ್ಟು ಹಣ ಹೊಂದಿಸಬೇಕು. ರಾತ್ರಿಯ ಊಟಕ್ಕೆ ಕೂತಾಗ ಸೀ ವ್ಯೂದ ಮಹಿಮೆಯನ್ನು ಸರೋಜಳಿಗೆ ವರ್ಣಿಸಿದೆ. ಅವಳು ಸಾರು ಬಡಿಸುತ್ತ, "ಸಮುದ್ರ ನೋಡಿ ಹೊಟ್ಟೆ ತುಂಬುದಾದ್ರೆ ನಾವು ಉಡುಪಿ ಬಿಟ್ಟು ಯಾಕೆ ಬರ್ಬೇಕಿತ್ತು ಮಾರಾಯ್ರೆ? ಊರಿಗೆಲ್ಲ ಬುದ್ಧಿ ಹೇಳ್ತೀರಿ, ನೀವು ಮೊದ್ಲು ಹೋಗಿ ಜಾಗ ನೋಡಿ ಬನ್ನಿ," ಎಂದಳು.

ಹೋಗಿ ನೋಡಿದೆ. ಆ ಹೊತ್ತಿಗೆ ನೀರಿನ ವಿಭಾಗ ಅಲ್ಲಿಗೆ ಹೋಗಿ ಕೂತಾಗಿತ್ತು. ಬಾಗಿಲಲ್ಲಿ ನೀರಿಲ್ಲದ ಕಾರಂಜಿ. ನೀರಿನ ವಿಭಾಗಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಬೋರ್ಡು ಬೇಕಿರಲಿಲ್ಲ. ಒಳಗೆ ಮುಖ ಕಾಣುವಂಥ ಅಮೃತಶಿಲೆ, ಟೋಕನ್ ಉಗುಳುವ ಯಂತ್ರ, ಅದರ ಪಕ್ಕದಲ್ಲಿ ಯಂತ್ರ ಕೆಟ್ಟಿದೆ ಎಂದು ಹೇಳಲು ನೇಮಿಸಿದ ಮನುಷ್ಯ. ಸಾರ್ವಜನಿಕರಿಗೆ ಪ್ರವೇಶ ನೆಲಮಹಡಿಗೆ ಮಾತ್ರ. ಅಲ್ಲಿ ಒಂದೇ ಒಂದು ಬೆಂಚಿರಲಿಲ್ಲ. ಹೊಸ ಪದ್ಧತಿಯಲ್ಲಿ ಯಾರೂ ಕಾಯಬೇಕಾಗಿಯೇ ಇಲ್ಲವಾದ್ದರಿಂದ ಬೆಂಚು ಅನಗತ್ಯವೆಂದು ಕನ್ಸಲ್ಟೆಂಟರು ಬರೆದುಕೊಟ್ಟಿದ್ದರಂತೆ. ಈ ಅನಗತ್ಯವಾದ ಕಾಯುವಿಕೆಯಲ್ಲಿ ಗೋಡೆಗುಂಟ ನೂರಾರು ಮಂದಿ ನಿಂತಿದ್ದರು, ಅವರ ನಡುವೆ ಖೈರುನ್‌ಬೀ. ವಿಜಯಪುರದ ಕಡೆಯವಳು, ಧಾರಾವಿಯಲ್ಲಿ ಚರ್ಮದ ಪರ್ಸು ಹೊಲಿಯುವವಳು. ತೀರಿಹೋದ ಗಂಡನ ಹೆಸರಿನಲ್ಲಿದ್ದ ನಲ್ಲಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಲೆಯುತ್ತ, ನನ್ನ ಹೋಟೆಲಿನ ಮೂಲೆಯ ಮೇಜಿಗೆ ಕಾಯಂ ಆಗಿಬಿಟ್ಟಿದ್ದವಳು.

"ಏನ್ರಿ ಅಣ್ಣಾ, ನೀವೂ ನಿಂದರಾಕ ಬಂದೀರೇನು?" ಎಂದಳು. "ಕುಂದ್ರಾಕ ಜಾಗಾ ಇಲ್ಲ, ಒಂದ್ ಕಪ್ ಚಾ ಇಲ್ಲ. ನೆಲಾ ನೋಡ್ರಿ, ಕನ್ನಡಿ ಇದ್ದಂಗೈತಿ. ಊಟಾ ಆದ ಮ್ಯಾಲೆ ಬಾ ಅಂದಾರ, ನನ್ನ ಮಾರಿ ನಾನ ನೋಡಕೋತ ನಿಂತೀನಿ."

ಆ ಮಾತು ಕೇಳಿದ್ದೇ ನನ್ನ ತಲೆಯಲ್ಲಿ ದೀಪ ಹತ್ತಿತು. ಇಷ್ಟು ವರ್ಷ ನನ್ನ ಹೋಟೆಲನ್ನು ಸಾಕಿದ್ದು ಕಚೇರಿಯಲ್ಲಿ ಕೂತವರಲ್ಲ, ಕಚೇರಿಯ ಹೊರಗೆ ನಿಂತವರು. ಕೂತವರು ಡಬ್ಬಿ ತರುತ್ತಿದ್ದರು. ನಿಂತವರು ದೋಸೆ ತಿನ್ನುತ್ತಿದ್ದರು. "ಊಟ ಆದ ಮೇಲೆ ಬನ್ನಿ" ಎಂದಾಗ ಒಂದು ಊಟ, "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂದಾಗ ಒಂದು ಚಹಾ, "ಜೆರಾಕ್ಸ್ ತನ್ನಿ" ಎಂದಾಗ ಚಹಾದೊಡನೆ ಒಂದು ವಡೆ ಖರ್ಚಾಗುತ್ತಿತ್ತು. ಒಂಬತ್ತನೆಯ ಮಹಡಿಯಲ್ಲಿ ಹಾಗೆ ಹೇಳುವವರು ಇರುತ್ತಾರೆಯೇ ಹೊರತು ಹೇಳಿಸಿಕೊಳ್ಳುವವರು ಇರುವುದಿಲ್ಲ. ಸೀ ವ್ಯೂ ನೋಡುತ್ತ ಪುಕ್ಕಟೆ ಚಟ್ನಿ ಅರೆಯಲು ನಾನು ಹೋಟೆಲು ಬಿಡುವುದೇ? ಕ್ಯಾಂಟೀನ್ ಬೇಡವೆಂದೆ. ಕದಂ ನನ್ನ ಹಣೆ ಮುಟ್ಟಿ ನೋಡಿ, "ಬುಖಾರ್ ತೋ ನಹೀ ಹೈ," ಎಂದರು.

ಕಚೇರಿ ಪೂರ್ತಿ ಹೋದ ಮೇಲೆ ಜ್ವರ ನಿಜವಾಗಿಯೂ ಬಂತು. ಹೋಟೆಲು ಭಣಗುಟ್ಟಿತು. ದೋಸೆಕಲ್ಲು ಕಾದು ಕಾದು ತಣ್ಣಗಾಗುತ್ತಿತ್ತು, ಅಡುಗೆಯವನು ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನೂ ಬಿಡದೆ ಓದುತ್ತಿದ್ದ, ಸರೋಜ ನನ್ನನ್ನು ಬಯ್ಯುವುದನ್ನೇ ನಿಲ್ಲಿಸಿದ್ದಳು. ಸಂಸಾರಸ್ಥರಿಗೆ ಗೊತ್ತು, ಇದಕ್ಕಿಂತ ಕೆಟ್ಟ ಲಕ್ಷಣವಿಲ್ಲ.

ಆಗ ನನ್ನನ್ನು ಬದುಕಿಸಿದ್ದು ಹೊಸ ಕಟ್ಟಡದ ನೆಲ. ತಂತಿಗಳನ್ನು ಅಡಗಿಸಲೆಂದು ಹಲಗೆ ಹಾಸಿ ಎತ್ತರಿಸಿದ ಆ ಟೊಳ್ಳು ನೆಲದ ಮೇಲೆ ಹಳೆಯ ದಾಖಲೆಗಳ ಮೊದಲ ಕಬ್ಬಿಣದ ಕಪಾಟನ್ನು ಇಟ್ಟರು, ಹಲಗೆ ಕಿರುಗುಟ್ಟಿತು. ಎರಡನೆಯದನ್ನು ಇಟ್ಟರು, ಕುಸಿಯಿತು. ಕುಂಡಗಳಲ್ಲಿನ ಪ್ಲಾಸ್ಟಿಕ್ ಗಿಡಗಳಿಗೂ ಜಾಗ ಗುರುತಿಸಿದ್ದ ಕನ್ಸಲ್ಟೆಂಟರು ಸರಕಾರದ ಕಾಗದಕ್ಕೆ ತೂಕವಿರುತ್ತದೆಂದು ಎಣಿಸಿರಲಿಲ್ಲ. ಹಿಮ್ಮಡಿಯಿಂದ ಕುಟ್ಟಿ ನೋಡುವವರೊಬ್ಬರೂ ಅಲ್ಲಿರಲಿಲ್ಲವಲ್ಲ! ಕಪಾಟುಗಳು ಮೆರವಣಿಗೆಯಲ್ಲಿ ಹಿಂದಿರುಗಿ ಹಳೆಯ ಕಟ್ಟಡ ಸೇರಿದವು, ಅವುಗಳ ಬೆನ್ನಿಗೆ ಕದಂರೂ. ಅರ್ಜಿ ಬಾಂದ್ರಾದಲ್ಲಿ, ಅದರ ಆಧಾರ ವಡಾಲದಲ್ಲಿ. ಜನ ಅಲ್ಲಿ ನಿಂತು, ಲೋಕಲ್ ಹಿಡಿದು ಇಲ್ಲಿಗೆ ಬಂದು, ಕದಂ ಬರುವ ತನಕ ನನ್ನ ಹೋಟೆಲಿನಲ್ಲಿ ಕೂತು, ನಕಲಿಗೆ ಸಹಿ ಹಾಕಿಸಿಕೊಂಡು ಮತ್ತೆ ಅಲ್ಲಿಗೆ ಓಡುವಂತಾಯಿತು. ಮೊದಲು ಒಂದು ಸಲ ಕಾಯುತ್ತಿದ್ದವರು ಈಗ ಎರಡು ಸಲ ಕಾದರು. ವ್ಯಾಪಾರ ಹಿಂದೆಂದೂ ಇಲ್ಲದಷ್ಟು ಏರಿತು. ಸರೋಜ ಮತ್ತೆ ಬಯ್ಯತೊಡಗಿದಳು.

ಹೀಗೆ ಹಾಲುಂಡ ಸುಖದಲ್ಲಿ ನಾನಿರುವಾಗ ಒಂದು ದಿನ ಖೈರುನ್‌ಬೀ ಗಲ್ಲೆಯ ಮುಂದೆ ಬಂದು ನಿಂತಳು. "ಅಲ್ಲಿಯವರು ಇಲ್ಲಿಗೆ ಕಳಸ್ತಾರ, ಇಲ್ಲಿಯವರು ಅಲ್ಲಿಗೆ. ಹೊಲಿಗಿ ನಿಂತ ಹೋಗೇತಿ ಅಣ್ಣಾ. ಕದಂ ಸಾಹೇಬ್ರು ನಿಮ್ಮ ಮಾತು ಕೇಳ್ತಾರ. ಆ ಕಾಗದಾ ಎಲ್ಲಾ ಒಂದ ಕಡೆ ಒಯ್ಯಾಕ ಹೇಳ್ರಲಾ."

ಕಟ್ಟಡ ಬದಲಿಸಿದ ಖರ್ಚು ಇಷ್ಟೇ ಎಂದು ಸರಕಾರ ಲೆಕ್ಕ ಮುಗಿಸಿತ್ತು. ಇವಳು ಹೊಲಿಯದೇ ಉಳಿದ ಪರ್ಸುಗಳು ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಅವುಗಳ ಕೂಲಿಯಲ್ಲಿ ಒಂದು ಪಾಲು ನನ್ನ ಗಲ್ಲೆಯಲ್ಲಿತ್ತು. ವ್ಯಾಪಾರಿಗೆ ಇಂಥದ್ದೆಲ್ಲ ಹೊಳೆಯಬಾರದು, ಹೊಳೆದರೆ ನಿದ್ದೆ ಕೆಡುತ್ತದೆ. ಕದಂರನ್ನು ವಿಚಾರಿಸಿದೆ. ಗಟ್ಟಿ ನೆಲವಿರುವುದು ಹೊಸ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ. ಕಪಾಟುಗಳನ್ನು ಅಲ್ಲಿಡಬಹುದು, ಒಂದು ಟಿಪ್ಪಣಿ ಬರೆದರೆ ಸಾಕು. "ಲೇಕಿನ್ ವೋ ಬಡೇ ಸಾಹೇಬ್ ಕೀ ಗಾಡೀ ಕೀ ಜಗಹ್ ಹೈ," ಎಂದು ಕದಂ ಚಟ್ನಿ ನೆಕ್ಕುತ್ತ ನಕ್ಕರು.

ಬಡೇ ಸಾಹೇಬರ ಗಾಡಿಯ ಜಾಗ! ನನ್ನ ಮನಸ್ಸು ಹಗುರಾಯಿತು. ಪ್ರಪಂಚದಲ್ಲಿ ಯಾವ ಸಾಹೇಬ ತಾನೇ ಗಾಡಿಯ ನೆರಳನ್ನು ಕಾಗದಕ್ಕೆ ಬಿಟ್ಟುಕೊಟ್ಟಾನು? ಟಿಪ್ಪಣಿ ಮೇಲಕ್ಕೆ ಹೋಗುತ್ತದೆ, ಅಲ್ಲಿಯೇ ಮಲಗುತ್ತದೆ. ಹಾವೂ ಸಾಯದು, ಕೋಲೂ ಮುರಿಯದು. "ಬರೆಯಿರಿ ಕದಂ ಸಾಹೇಬ್, ಬಡವರ ಪುಣ್ಯ ಬರುತ್ತದೆ," ಎಂದು ಇಡೀ ಹೋಟೆಲಿಗೆ ಕೇಳುವಂತೆ ಹೇಳಿದೆ. ಖೈರುನ್‌ಬೀ ಎರಡೂ ಕೈಯೆತ್ತಿ ದುವಾ ಮಾಡಿದಳು. ಆ ದುವಾವನ್ನು ನಾನು ಒಂದು ಕಾಸೂ ಕೊಡದೆ ಪಡೆದೆನೆಂಬ ಹೆಮ್ಮೆಯೂ ಆಯಿತೆನ್ನಿ.

ಬಡೇ ಸಾಹೇಬರಿಗೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ಬಂದ ವಾರದಲ್ಲಿಯೇ ಏನಾದರೊಂದು ಮಾಡಿ ತೋರಿಸಬೇಕಿತ್ತು, ಮೇಜಿನ ಮೇಲೆ ಸಿಕ್ಕ ಮೊದಲ ಕಾಗದ ಕದಂರ ಟಿಪ್ಪಣಿ. ಸಹಿ ಬಿತ್ತು, ಲಾರಿಗಳು ಬಂದವು. ಕಪಾಟು ಹೊತ್ತವರೆಲ್ಲ ನನ್ನಲ್ಲಿಯೇ ಉಂಡರು, ಅಂದು ಭರ್ಜರಿ ವ್ಯಾಪಾರ. ಮರುದಿನ ನೊಣಗಳೂ ಬಾಂದ್ರಾಕ್ಕೆ ಹೋದವೋ ಎಂಬಂತೆ ನಿಶ್ಶಬ್ದ. ಜೀವಮಾನದಲ್ಲಿ ನಾನು ಕಣ್ಣುಮುಚ್ಚಿ ನಂಬಿದ್ದು ಸರಕಾರದ ನಿಧಾನವೊಂದನ್ನೇ. ಅದೂ ಕೈಕೊಟ್ಟಿತು. ಯಾರನ್ನು ನಂಬಲಿ ಹೇಳಿ?

ನಲ್ಲಿ ತನ್ನ ಹೆಸರಿಗಾಯಿತೆಂದು ಹೇಳಲು ಖೈರುನ್‌ಬೀ ಬಂದಳು. ಇರುವಷ್ಟೂ ಹಲ್ಲು ತೋರಿಸಿ ಸಂತೋಷಪಟ್ಟೆ. ಖಾಲಿ ಮೇಜುಗಳನ್ನು ಅವಳು ಒಂದೊಂದಾಗಿ ನೋಡಿದಳು. "ನಿಮಗ ಲುಕ್ಸಾನ ಆತಲ್ಲ," ಎಂದು ಮರುಗಿ, "ಆ ಗೇಟಿನ ಮುಂದ ಮಂದಿ ಬಿಸಿಲಾಗ ನಿಂತೈತಿ ಅಣ್ಣಾ. ಅಲ್ಲೇ ಎದುರಿಗೆ ಒಂದು ಅಂಗಡಿ ಬಂದ್ ಬಿದ್ದೈತಿ. ನೋಡ್ರಿ," ಎಂದಳು. ಶುಲ್ಕವಿಲ್ಲದ ಸಲಹೆಯನ್ನು ನಾನು ಕೊಟ್ಟವನೇ ಹೊರತು ಪಡೆದವನಲ್ಲ. ಆದರೂ ಮರುದಿನ ಲೋಕಲ್ ಹಿಡಿದೆ.

ಅವಳು ಹೇಳಿದ್ದು ಸುಳ್ಳಲ್ಲ. ಒಳಗೆ ಹಿಡಿಸದೆ ಹೊಸ ಕಟ್ಟಡದ ಗೇಟಿನಿಂದ ಹೊರಟ ಸಾಲು ತಿರುವಿನವರೆಗೆ ಬೆಳೆದಿತ್ತು. ಎದುರಿಗೆ ಶಟರ್ ಎಳೆದ ಅಂಗಡಿ, ಅದರ ಮುಂದೆ ಸ್ಟೂಲಿನ ಮೇಲೆ ಮಾಲೀಕ. ಸಾಲಿಗೆ ಬೆನ್ನು ತಿರುಗಿಸಿ ಕೂತಿದ್ದ, ಪುಣ್ಯಾತ್ಮನಿಗೆ ತನ್ನ ಅಂಗಡಿಯ ಬೆಲೆ ಇನ್ನೂ ಕಂಡಿರಲಿಲ್ಲ. ಜಾಗ ಇಕ್ಕಟ್ಟು, ಗಾಳಿಯಿಲ್ಲ, ಇಲ್ಲಿ ಯಾರು ಬರುತ್ತಾರೆ ಎಂದು ಶುರುಮಾಡಿದೆ. ಅವನು ಬಾಡಿಗೆ ಹೇಳಿದ. ಒಳ್ಳೆಯ ಹಾಸ್ಯ ಕೇಳಿದವನಂತೆ ನಕ್ಕು, ಅದರ ಅರ್ಧ ಹೇಳಿದೆ. ಅವನು ಆಗದೆಂದು ತಲೆಯಾಡಿಸಿದ. ಆಗ ಚೌಕಾಸಿಯ ಕೊನೆಯ ಅಸ್ತ್ರ ತೆಗೆದೆ: ಎದ್ದು ಹೊರಟುಬಿಡುವುದು. ಹೀಗೆ ಹೊರಡುವಾಗ ಅವಸರ ಕೂಡದು, ತಿರುಗಿ ನೋಡಕೂಡದು. ಬೆನ್ನಿನ ಹಿಂದಿನಿಂದ ಕರೆ ಬಂದೇ ಬರುತ್ತದೆ, ಬಂದ ಮೇಲೆ ಬೆಲೆ ನಮ್ಮದು. ಬಗಲಲ್ಲಿ ಹೋಟೆಲನ್ನೇ ಹೊತ್ತವನಂತೆ ನಿಧಾನವಾಗಿ ಕಾಲು ಹಾಕಿದೆ.

ಕರೆ ಬಂತು. "ಓ ಅಣ್ಣಾ!"

ನನ್ನ ಎದೆ ಹಿಗ್ಗಿತು. ಆದರೆ ಆ ಧ್ವನಿ ಸ್ಟೂಲಿನಿಂದ ಬಂದದ್ದಲ್ಲ, ಸಾಲಿನಿಂದ ಬಂದದ್ದು. ವಡಾಲದಲ್ಲಿ ನನ್ನ ಮೇಜುಗಳಲ್ಲಿ ಕಾದು ಕಾದು ನನಗೆ ಮುಖ ಪರಿಚಯವಾಗಿದ್ದವನೊಬ್ಬ, ಇಲ್ಲಿ ಹೋಟೆಲು ತೆರೆಯುವುದಾದರೆ ಬೇಗ ತೆರೆಯಿರೆಂದು ಕೈಬೀಸುತ್ತ ಕೂಗುತ್ತಿದ್ದ. "ಇಧರ್ ಹೋಟೆಲ್ ಖೋಲ್ ರಹೇ ಹೋ ಕ್ಯಾ? ಜಲ್ದೀ ಖೋಲೋ ಯಾರ್, ಸುಬಹ್ ಸೇ ಖಡೇ ಹೈ!" ಸಾಲಿಗೆ ಸಾಲೇ ನನ್ನತ್ತ ತಿರುಗಿತು. "ಅಣ್ಣಾ, ಪೆಹಲೇ ಚಾಯ್!" ಎಂದ ಇನ್ನೊಬ್ಬ. ತಿರುಗಿ ನೋಡಬಾರದೆಂಬ ನನ್ನ ನಿಯಮವನ್ನು ನಾನೇ ಮುರಿದು ನೋಡಿದೆ. ಮಾಲೀಕ ಸ್ಟೂಲನ್ನು ನಿಧಾನವಾಗಿ ಸಾಲಿನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ, ಮತ್ತು ಅವನ ಮುಖದಲ್ಲಿ ಬಾಡಿಗೆ ಏರುತ್ತಿರುವುದು ನನಗೆ ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತು.