ಎರ್ಸಿಲಿಯಾ ಅವರ ನಲವತ್ತು ಗುಂಡಿ

ಬೆಳಗಿನ ಐದೂವರೆ. ರೊಮೆರಾಲ್ ಊರಿನ ಚೆರ್ರಿ ಬೆಳೆಗಾರರ ಸಹಕಾರ ಸಂಘದ ಶೆಡ್ಡಿನಲ್ಲಿ ಹಣ್ಣು ವಿಂಗಡಿಸುವ ಯಂತ್ರ ನಿಂತಿದೆ. ಐವತ್ತಾರರ ಎರ್ಸಿಲಿಯಾ ರೆತಾಮಾಲ್ ಅದರ ಪಟ್ಟಿಯ ಮೇಲೆ ಬಗ್ಗಿ, ಸಾಲಿಗೊಂದರಂತೆ ಬಟ್ಟಲುಗಳಲ್ಲಿ ಬಿಳಿ ಗುಂಡಿ ಇಡುತ್ತಿದ್ದಾರೆ. ಅಂಗಿಯ ಗುಂಡಿಗಳು. ಒಂದೊಂದರ ಮೇಲೂ ಮಸಿಯಲ್ಲಿ ಬರೆದ ಸಂಖ್ಯೆ, ಒಂದರಿಂದ ನಲವತ್ತರವರೆಗೆ. ಪಾಳಿಯ ಮುಖ್ಯಸ್ಥ ದೋನ್ ಅನ್ಸೆಲ್ಮೊ ಕೈಕಟ್ಟಿ ನೋಡುತ್ತಿದ್ದಾರೆ. ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತವರು ಬೆಳೆಗಾರ ನಿಬಾಲ್ದೊ ಪಾವೆಸ್.

ನಿಬಾಲ್ದೊ ಅವರದು ಒಂದೇ ಹೆಕ್ಟೇರಿನ ತೋಟ, ಐದು ವರ್ಷ ಕಾದ ಮೇಲೆ ಕೈಗೆ ಬಂದ ಮೊದಲ ಫಸಲು. ನಿನ್ನೆ ಸಂಜೆ ಮೊದಲ ಲೋಡು ಪಟ್ಟಿ ಹತ್ತಿದಾಗ ಅರ್ಧಕ್ಕರ್ಧ ಹಣ್ಣು ರಸದ ತೊಟ್ಟಿಗೆ ಬಿತ್ತು. ಹಣ್ಣೇ ಮೆತ್ತಗಿದೆಯಂತೆ ಎಂಬ ಗುಸುಗುಸು ರಾತ್ರಿಯೊಳಗೆ ಊರು ಸುತ್ತಿತು. ಉಳಿದ ಹಣ್ಣು ತಣ್ಣನೆ ಕೋಣೆಯಲ್ಲಿ ಕಾಯುತ್ತಿದೆ. ಹತ್ತು ಗಂಟೆಗೆ ಬಂದರಿಗೆ ಹೊರಡುವ ಲಾರಿ ತಪ್ಪಿದರೆ ಮುಂದಿನ ಹಡಗಿಗೆ ಒಂದು ವಾರ. ಅಷ್ಟು ಹೊತ್ತಿಗೆ ಆ ಚೆರ್ರಿ ನಿಜವಾಗಿಯೂ ರಸಕ್ಕೇ ಲಾಯಕ್ಕು.

ಹಣ್ಣಿನ ಯೋಗ್ಯತೆ ಹೇಳುವುದು ಒಂದು ಕ್ಯಾಮರಾ. ಅದು ತನ್ನಷ್ಟಕ್ಕೆ ಚಿತ್ರ ತೆಗೆಯುವುದಿಲ್ಲ. ಬಟ್ಟಲುಗಳ ಸಾಲೊಂದು ಕೆಳಗೆ ಬಂದಾಗ ಪಕ್ಕದ ಸೆನ್ಸರ್ 'ಈಗ ತೆಗೆ' ಎಂದು ಸಂಜ್ಞೆ ಕೊಡಬೇಕು. ಸೆಕೆಂಡಿಗೆ ಇಪ್ಪತ್ತು ಸಾಲು, ಇಪ್ಪತ್ತು ಸಂಜ್ಞೆ, ಇಪ್ಪತ್ತು ಚಿತ್ರ. ಚಿತ್ರವಿಲ್ಲದ ಹಣ್ಣನ್ನು ಯಂತ್ರ ನಂಬುವುದಿಲ್ಲ, ನೇರ ರಸದ ತೊಟ್ಟಿಗೆ ತಳ್ಳುತ್ತದೆ. ನಿನ್ನೆ ಸಂಜೆಯಿಂದ ಬರುತ್ತಿರುವುದು ಸೆಕೆಂಡಿಗೆ ಹತ್ತೇ ಚಿತ್ರ. ಅನ್ಸೆಲ್ಮೊ ಕೇಬಲ್ ಬದಲಿಸಿದರು, ಸೆನ್ಸರ್ ಬದಲಿಸಿದರು. ಯಂತ್ರದ ಕಂಪನಿಯವರು ಫೋನಿನಲ್ಲೇ ಕೈ ತೊಳೆದುಕೊಂಡರು: ಕ್ಯಾಮರಾ ಹೋಗಿದೆ, ಹೊಸದು ಬರಲು ನಾಲ್ಕು ದಿನ.

ಎರ್ಸಿಲಿಯಾ ಮಾತ್ರ ತೊಟ್ಟಿಯಿಂದ ಒಂದು ಹಣ್ಣು ಎತ್ತಿ ಕಚ್ಚಿದ್ದರು.

"ಹಲ್ಲಿಗೆ ಟಕ್ ಅಂತು," ಎನ್ನುತ್ತಾರೆ. "ಇಪ್ಪತ್ತೆರಡು ವರ್ಷ ಈ ಕೈಯಲ್ಲಿ ಚೆರ್ರಿ ಆರ್ಸಿದೀನಿ. ರಸಕ್ಕೆ ಹೋಗೋ ಹಣ್ಣು ಯಾವ್ದು ಅಂತ ನಂಗೆ ಯಂತ್ರ ಹೇಳ್ಬೇಕಾ?"

ಆರು ವರ್ಷದ ಹಿಂದೆ ಈ ಯಂತ್ರ ಬಂದಾಗ ಆರಿಸುವ ಐವತ್ತು ಹೆಂಗಸರಲ್ಲಿ ನಲವತ್ತು ಮಂದಿ ಮನೆ ದಾರಿ ಹಿಡಿದರು. ಅವರಲ್ಲಿ ಎರ್ಸಿಲಿಯಾ ಅವರ ಕೊಮಾದ್ರೆ ಓರ್ಫೆಲಿನಾ ಕೂಡ ಇದ್ದರು, ಮಗಳ ಜ್ಞಾನಸ್ನಾನದಲ್ಲಿ ಜೊತೆ ನಿಂತ ಗೆಳತಿ. ಎರ್ಸಿಲಿಯಾ ಯಂತ್ರದಡಿ ಗುಡಿಸುವ ಕೆಲಸ ಕೇಳಿ ಉಳಿದುಕೊಂಡರು. "ನಮ್ಮನ್ನ ಓಡ್ಸಿದ ಯಂತ್ರಕ್ಕೆ ನೀನು ಸೊಸೆ ಆದ್ಯಲ್ಲೇ," ಎಂದು ಓರ್ಫೆಲಿನಾ ಎರಡು ವರ್ಷ ಮಾತು ಬಿಟ್ಟಿದ್ದರು. ಸೊಸೆ ಗುಡಿಸುತ್ತಲೇ ನೋಡಿದರು, ನೋಡುತ್ತಲೇ ಕಲಿತರು. ಯಂತ್ರದ ಕೈಪಿಡಿಯನ್ನು ಮಗಳ ಶಾಲೆಯ ನಿಘಂಟು ಇಟ್ಟುಕೊಂಡು ಮೂರು ಚಳಿಗಾಲ ಓದಿದರು. ಶಾಲೆ ಕಲಿತದ್ದು ಎಂಟನೆಯ ತರಗತಿಯವರೆಗೆ ಮಾತ್ರ. ಇಂದು ಆ ಕ್ಯಾಮರಾದೊಳಗೆ ಓಡುವ ಸೆಕೆಂಡಿನ ಸಾವಿರ ಪಾಲುಗಳು ಅವರಿಗೆ ನೆರೆಮನೆಯವರಷ್ಟು ಪರಿಚಯ.

ಗುಂಡಿಗಳು? ಮನೆಗೆ ಹೋದ ಆ ನಲವತ್ತು ಹೆಂಗಸರ ಬಿಳಿ ನಿಲುವಂಗಿಗಳಿಂದ ಎರ್ಸಿಲಿಯಾ ಬಿಚ್ಚಿಟ್ಟುಕೊಂಡವು, ಒಬ್ಬರದೊಂದು. ಏಳನೆಯದು ಓರ್ಫೆಲಿನಾ ಅವರದು.

ಪಟ್ಟಿ ಹೊರಟು ಎರಡೇ ಸೆಕೆಂಡಿನಲ್ಲಿ ಗುಂಡಿಗಳು ಕ್ಯಾಮರಾದಡಿ ದಾಟುತ್ತವೆ. ಎರ್ಸಿಲಿಯಾ ಪರದೆಯ ಮುಂದೆ ಕೂತು ಬಂದ ಚಿತ್ರಗಳನ್ನು ಓದುತ್ತಾರೆ. ಒಂದು, ಮೂರು, ಐದು, ಏಳು. ಮೂವತ್ತೊಂಬತ್ತರವರೆಗೂ ಹಾಗೆಯೇ. ಸಮಸಂಖ್ಯೆ ಒಂದೂ ಇಲ್ಲ.

"ಕೆಟ್ಟಿರೋ ಕ್ಯಾಮರಾ ಹಿಂಗೆ ಲೆಕ್ಕ ಇಟ್ಕೊಂಡು ತಪ್ಪಲ್ಲ," ಎನ್ನುತ್ತಾರೆ. "ಇದಕ್ಕೆ ಕೈ ಬಿಡುವಿಲ್ಲ ಅಷ್ಟೆ. ಹಿಡಿದಿರೋದು ಮುಗಿಯೋ ಮುಂಚೆ ಇನ್ನೊಂದು ಕೊಟ್ರೆ ಬೇಡ ಅಂತ ಕೂಗಲ್ಲ, ಸುಮ್ನೆ ಬಿಟ್ಬಿಡುತ್ತೆ."

ಲೆಕ್ಕವನ್ನು ಬೆರಳಲ್ಲೇ ಹಾಕುತ್ತಾರೆ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಎರಡು ಸಂಜ್ಞೆಗಳ ನಡುವೆ ಐವತ್ತು ಪಾಲು. ತೆಗೆದ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸಲು ಕ್ಯಾಮರಾಕ್ಕೆ ನಲವತ್ತೆಂಟು. ಕಣ್ಣು ತೆರೆದಿರಲು ಒಂದು. ಒಂದು ಪಾಲು ಉಳಿತಾಯ, ಬದುಕು ಸಾಗುತ್ತದೆ. ಕಣ್ಣು ಈಗ ಎಷ್ಟು ತೆರೆದಿದೆ ಎಂದು ನೋಡಿದರೆ, ಮೂರು. ಒಟ್ಟು ಐವತ್ತೊಂದು, ಇರುವುದಕ್ಕಿಂತ ಒಂದು ಹೆಚ್ಚು; ಅದಕ್ಕೇ ಒಂದು ಬಿಟ್ಟು ಒಂದು ಸಂಜ್ಞೆ ಕೈತಪ್ಪುತ್ತಿದೆ.

ಇನ್ನು ಬೆಕ್ಕಿಗೆ ಗಂಟೆ ಕಟ್ಟಬೇಕು. ಮೂರು ಮಾಡಿದ್ದು ಯಾರು ಎಂದು ಎರ್ಸಿಲಿಯಾ ಮೆಲ್ಲಗೆ ಕೇಳುತ್ತಾರೆ. ನಿನ್ನೆ ಮಧ್ಯಾಹ್ನ ಚಿತ್ರ ಮಂಕಾಗಿ ಬರುತ್ತಿತ್ತು, ಸಂಜೆಯ ಲೋಡಿಗೆ ಮುಂಚೆ ತಾನೇ ಹೆಚ್ಚಿಸಿದ್ದು ಎಂದು ಅನ್ಸೆಲ್ಮೊ ಒಪ್ಪಿಕೊಳ್ಳುತ್ತಾರೆ.

"ಚಿತ್ರ ಹಬ್ಬದ ದಿನದಂಗೆ ಬೆಳಗ್ತಿತ್ತಲ್ಲ ದೋನ್ಯಾ ಎರ್ಸಿಲಿಯಾ. ಎರಡು ಪಾಲಿಗೆ ಏನಾಗುತ್ತೆ ಅಂದ್ಕೊಂಡೆ. ರೆಪ್ಪೆ ಬಡಿಯೋಕೂ ಸಾಲಲ್ಲ ಅದು."

"ಬಂದ ಚಿತ್ರ ಚೆಂದ ಇದೆಯಾ ಅಂತ ನೋಡಿದ್ರಿ ದೋನ್ ಅನ್ಸೆಲ್ಮೊ. ಬರದೇ ಇದ್ದಿದ್ದು ಎಷ್ಟು ಅಂತ ನೋಡ್ಲಿಲ್ಲ."

ಕಣ್ಣನ್ನು ಮತ್ತೆ ಒಂದಕ್ಕೆ ಇಳಿಸುತ್ತಾರೆ; ಚಿತ್ರ ಮತ್ತೆ ಮಂಕು. ಎರ್ಸಿಲಿಯಾ ಎದ್ದು ಸಂಘದ ಅಡುಗೆಮನೆಗೆ ಹೋಗಿ, ಸಲಾಡಿಗೆ ಹಾಕುವ ವಿನಿಗರ್ ಬಾಟಲಿ ತರುತ್ತಾರೆ. ಹಣ್ಣು ತಣಿಸುವ ನೀರಿನ ತುಂತುರು ಒಣಗಿ, ಕ್ಯಾಮರಾಕ್ಕೆ ಬೆಳಕು ಕೊಡುವ ದೀಪದ ಗಾಜಿನ ಮೇಲೆ ಸುಣ್ಣದ ಪೊರೆ ಕಟ್ಟಿದೆ. ನಮ್ಮ ಕಡೆ ಟೀ ಕೆಟಲಿನ ಒಳಗೆ ಕಟ್ಟುವಂಥದೇ. ಹಳೇ ಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜುತ್ತಾರೆ. ಕತ್ತಲೆ ಇದ್ದದ್ದು ಕಣ್ಣಿನಲ್ಲಲ್ಲ, ದೀಪದಲ್ಲಿ.

ಗುಂಡಿಗಳು ಇನ್ನೊಮ್ಮೆ ಹೊರಡುತ್ತವೆ. ಒಂದು, ಎರಡು, ಮೂರು, ನಾಲ್ಕು. ನಲವತ್ತೂ ಬರುತ್ತವೆ.

ಏಳು ಗಂಟೆಗೆ ನಿಬಾಲ್ದೊ ಅವರ ಹಣ್ಣು ಪಟ್ಟಿ ಹತ್ತುತ್ತದೆ. ರಸದ ತೊಟ್ಟಿಗೆ ಬೀಳುವುದು ನೂರಕ್ಕೆ ನಾಲ್ಕು, ಹಕ್ಕಿ ಕುಕ್ಕಿದವು ಅಷ್ಟೆ; ಉಳಿದದ್ದೆಲ್ಲ ಹತ್ತರ ಲಾರಿಗೆ. ಅವರು ಟೋಪಿಯನ್ನು ತಲೆಗೆ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಕೊನೆಗೆ ಎರ್ಸಿಲಿಯಾ ಅವರ ಎರಡೂ ಕೈ ಹಿಡಿದುಕೊಳ್ಳುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ನಿಬಾಲ್ದೊ ಕೇಳಿದರೆ ಎರ್ಸಿಲಿಯಾ ತುಸು ಯೋಚಿಸುತ್ತಾರೆ. ಪ್ರತಿ ಸೋಮವಾರ ಯಾರಾದರೂ ಆ ಗಾಜು ಒರೆಸಬೇಕು, ಅಡುಗೆಯವಳ ಬಾಟಲಿ ಕದಿಯದಂತೆ ಯಂತ್ರದ ಹತ್ತಿರವೇ ಒಂದು ವಿನಿಗರ್ ಇಟ್ಟಿರಬೇಕು. ಅಷ್ಟೇ. ಅಷ್ಟರಲ್ಲಿ ಅನ್ಸೆಲ್ಮೊ ಪಾಳಿಯ ಪುಸ್ತಕ ತೆರೆದು 'ಕ್ಯಾಮರಾ ದುರಸ್ತಿ' ಎಂದು ಬರೆಯಲು ಹೊರಡುತ್ತಾರೆ. ಎರ್ಸಿಲಿಯಾ ಅನ್ಸೆಲ್ಮೊ ಹಿಡಿದ ಪೆನ್ನಿನ ಮೇಲೆ ಕೈ ಇಡುತ್ತಾರೆ. ತಮ್ಮ ಹೆಸರು ಬೇಕೆಂದು ಅಲ್ಲ.

"ಕ್ಯಾಮರಾ ಕೆಟ್ಟಿರಲಿಲ್ಲ ಅಂತ ಬರೀರಿ," ಎನ್ನುತ್ತಾರೆ. "ಅದರ ಕೆಳಗೆ, ನಿಬಾಲ್ದೊ ಅವರ ಹಣ್ಣೂ ಕೆಟ್ಟಿರಲಿಲ್ಲ ಅಂತ ಬರೀರಿ."